ಕಬ್ಬು ಬಂತು, ಗಾಣ ಎಲ್ಲಿ? ಪೈಥಾನ್ ಎಕ್ಸ್‌ಟೆನ್ಶನ್ ಬಿಲ್ಡ್ ಆಗದೇ ಇದ್ದಾಗ ನೋಡಬೇಕಾದ್ದು

ಪ್ರಾಜೆಕ್ಟಿಗೆ ಕನ್ನಡದ ವಿಷಯ ತಗೊಳ್ಳೋರು ನಮ್ಮಲ್ಲಿ ಮೊದಲೇ ಕಮ್ಮಿ. ತಗೊಂಡವರಲ್ಲೂ ಕೆಲವರು ಎರಡನೇ ವಾರಕ್ಕೇ ಟೈಟಲ್ ಬದಲಾಯಿಸಿಬಿಡ್ತಾರೆ. ಯಾಕಪ್ಪಾ ಅಂತ ಕೇಳಿದ್ರೆ, "ಪ್ಯಾಕೇಜೇ ಇನ್‌ಸ್ಟಾಲ್ ಆಗ್ಲಿಲ್ಲ ಗುರೂ" ಅಂತಾರೆ. ಕಮಾಂಡ್ ಕೊಟ್ಟ ಸ್ವಲ್ಪ ಹೊತ್ತಿಗೆ ಪರದೆ ತುಂಬ ಕೆಂಪು ಅಕ್ಷರ. ಕೊನೇಲಿ "ಫೇಲ್ಡ್ ಬಿಲ್ಡಿಂಗ್ ವೀಲ್" ಅಂತ ಒಂದು ಸಾಲು. ಅಲ್ಲಿಗೆ ಕನ್ನಡದ ಆಸೆ ಬಿಟ್ಟು, ಸೀನಿಯರ್ಸ್ ಇಂಗ್ಲಿಷ್ ಡೇಟಾಸೆಟ್ ಮೇಲೆ ಮಾಡಿಟ್ಟಿದ್ದನ್ನೇ ಮತ್ತೆ ಮಾಡೋಕೆ ಹೊರಡ್ತಾರೆ.

ಈ ತೊಂದರೆ ಭಾಷೆಯ ಕೆಲಸಕ್ಕೆ ಸ್ವಲ್ಪ ಜಾಸ್ತಿನೇ ತಟ್ಟುತ್ತೆ. ನಂಪೈ, ಪಾಂಡಾಸ್ ಥರದ ಪ್ಯಾಕೇಜುಗಳನ್ನ ಲೋಕವೆಲ್ಲಾ ಬಳಸುತ್ತೆ, ಅದಕ್ಕೆ ಅವು ಹೆಚ್ಚೂಕಮ್ಮಿ ಎಲ್ಲಾ ಸಿಸ್ಟಮ್‌ಗೂ ರೆಡಿಯಾಗಿ ಸಿಗುತ್ತವೆ. ನಮಗೆ ಬೇಕಾಗೋ ಕೆಲವು ಹಾಗೆ ಸಿಗಲ್ಲ. ಈ ಲೇಖನಕ್ಕೆ ಅಂಥ ಎರಡನ್ನ ಉದಾಹರಣೆಯಾಗಿ ಇಟ್ಕೊಳ್ಳೋಣ.

ಒಂದು, ಫಾಸ್ಟ್‌ಟೆಕ್ಸ್ಟ್. ಫೇಸ್‌ಬುಕ್‌ನ ಸಂಶೋಧನಾ ತಂಡ 2018ರಲ್ಲಿ 157 ಭಾಷೆಗಳ ವರ್ಡ್ ವೆಕ್ಟರ್‌ಗಳನ್ನ ಉಚಿತವಾಗಿ ಬಿಟ್ಟಿತು, ಅದರಲ್ಲಿ ಕನ್ನಡವೂ ಇದೆ. ಆ ಮಾದರಿಯನ್ನ ತೆರೆಯೋಕೆ ಬೇಕಾದ ಪೈಥಾನ್ ಮಾಡ್ಯೂಲಿನ ಒಳಗೆ ಇರೋದು ಸಿ++ ಕೋಡ್. ಎರಡು, ಪೈ-ಐಸಿಯು. ಯೂನಿಕೋಡ್ ಪಠ್ಯವನ್ನ ಅಕಾರಾದಿಯಾಗಿ ಜೋಡಿಸೋದು, ಹೋಲಿಸೋದು, ಒಂದು ಲಿಪಿಯಿಂದ ಇನ್ನೊಂದು ಲಿಪಿಗೆ ತಿರುಗಿಸೋದು, ಇದನ್ನೆಲ್ಲಾ ಮಾಡೋ ಐಸಿಯು ಅನ್ನೋ ಸಿ++ ಲೈಬ್ರರಿಗೆ ಇದು ಪೈಥಾನ್ ಬಾಗಿಲು. ಎರಡೂ ಒಳ್ಳೇ ಸಾಮಾನು. ಎರಡೂ ಮೊದಲ ಸಲಕ್ಕೆ ಸಲೀಸಾಗಿ ಇನ್‌ಸ್ಟಾಲ್ ಆಗೋದು ಅಪರೂಪ.

ಒಂದು ಮಾತು. ಕಮಾಂಡುಗಳನ್ನೂ ಎರರ್‌ಗಳನ್ನೂ ಇಲ್ಲಿ ಬಾಯಲ್ಲಿ ಓದೋ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. "-ಎಂ" ಅಂದ್ರೆ ಅಡ್ಡಗೆರೆ ಮತ್ತು ಆ ಒಂದೇ ಅಕ್ಷರ.

ಪೈಥಾನ್‌ಗೆ ಕಂಪೈಲರ್ ಯಾಕೆ?

"ಪೈಥಾನ್ ಇಂಟರ್‌ಪ್ರಿಟೆಡ್ ಭಾಷೆ, ಅದಕ್ಕೆ ಕಂಪೈಲರ್ ಯಾಕೆ" ಅನ್ನೋದು ನ್ಯಾಯವಾದ ಪ್ರಶ್ನೆ. ನಾವು ಬಳಸೋ ಪೈಥಾನ್ ಇಂಟರ್‌ಪ್ರಿಟರ್ ಬರೆದಿರೋದೇ ಸಿ ಭಾಷೆಯಲ್ಲಿ. ವೇಗ ಬೇಕಾದಾಗ, ಅಥವಾ ಮೊದಲೇ ಇರೋ ಸಿ, ಸಿ++ ಲೈಬ್ರರಿಯನ್ನ ಪೈಥಾನ್‌ನಿಂದ ಕರೀಬೇಕಾದಾಗ, ಆ ಭಾಗವನ್ನ ಸಿ ಅಥವಾ ಸಿ++ನಲ್ಲಿ ಬರೆದು ಮೆಷಿನ್ ಕೋಡ್ ಮಾಡಿ ಜೋಡಿಸ್ತಾರೆ. ಅದೇ ಎಕ್ಸ್‌ಟೆನ್ಶನ್ ಮಾಡ್ಯೂಲ್. ಲಿನಕ್ಸಿನಲ್ಲಿ ಅದರ ಫೈಲು ಡಾಟ್ ಎಸ್‌ಓ ಅಂತ ಮುಗಿಯುತ್ತೆ, ವಿಂಡೋಸಿನಲ್ಲಿ ಡಾಟ್ ಪಿವೈಡಿ ಅಂತ.

ಈಗ ಪಿಪ್ ಏನು ಮಾಡುತ್ತೆ ಅಂತ ನೋಡಿ. ಮಂಡ್ಯದವರಿಗೆ ಇದನ್ನ ಆಲೆಮನೆ ಇಟ್ಕೊಂಡು ಹೇಳೋದು ಸುಲಭ. ಅಂಗಡೀಲಿ ಅಚ್ಚು ಬೆಲ್ಲ ಸಿಕ್ಕಿದ್ರೆ ತಂದು ಡಬ್ಬಕ್ಕೆ ಹಾಕ್ಕೊಂಡ್ರೆ ಮುಗೀತು. ಯಾರೋ ಬೆಲ್ಲದ ಬದಲು ಒಂದು ಹೊರೆ ಕಬ್ಬು ತಂದು ಬಾಗಿಲಿಗೆ ಹಾಕಿದ್ರೆ? ಗಾಣ ಬೇಕು, ಕೊಪ್ಪರಿಗೆ ಬೇಕು, ಒಲೆ ಬೇಕು, ಅಚ್ಚು ಬೇಕು. ಪಿಪ್ ಮೊದಲು ಅಚ್ಚು ಬೆಲ್ಲ ಹುಡುಕುತ್ತೆ. ಅದರ ಹೆಸರು ವೀಲ್: ಬೇರೆ ಯಾರೋ ಕಂಪೈಲ್ ಮಾಡಿಟ್ಟ ಡಾಟ್ ಡಬ್ಲ್ಯುಎಚ್‌ಎಲ್ ಫೈಲು. ನಿಮ್ಮ ಸಿಸ್ಟಮ್‌ಗೆ, ನಿಮ್ಮ ಪೈಥಾನ್ ಆವೃತ್ತಿಗೆ ಹೊಂದೋ ವೀಲ್ ಸಿಗದೇ ಹೋದ್ರೆ ಕಬ್ಬನ್ನೇ ತರುತ್ತೆ, ಅಂದ್ರೆ ಮೂಲ ಕೋಡಿನ ಗಂಟು, ಡಾಟ್ ಟಾರ್ ಡಾಟ್ ಜಿಝಡ್ ಫೈಲು. ತಂದು ನಿಮ್ಮ ಮನೇಲೇ ಆಲೆಮನೆ ಹೂಡೋಕೆ ನೋಡುತ್ತೆ. ಗಾಣ ಕಾಣಲಿಲ್ಲ ಅಂದ್ರೆ ಕೂಗಾಡುತ್ತೆ. ಆ ಕೂಗಾಟವೇ ನೀವು ನೋಡೋ ಕೆಂಪು ಅಕ್ಷರ.

ಫಾಸ್ಟ್‌ಟೆಕ್ಸ್ಟಿನ 0.9.2 ಆವೃತ್ತಿ 2020ರಲ್ಲಿ ಬಂದಾಗ ಪಿಪ್‌ಗೆ ಸಿಕ್ಕಿದ್ದು ಬರೀ ಕಬ್ಬು. ಪೈ-ಐಸಿಯು ಕೂಡ ಹಾಗೇ ಬರೋದು.

ಕೊನೇ ಸಾಲು ನೋಡಬೇಡಿ, ಮೊದಲ ಎರರ್ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಕೊನೇ ಸಾಲು "ಕೆಲಸ ನಿಂತಿತು" ಅಂತ ಮಾತ್ರ ಹೇಳುತ್ತೆ. ಯಾಕೆ ನಿಂತಿತು ಅನ್ನೋದು ಮೇಲೆಲ್ಲೋ ಇರುತ್ತೆ. "ಸಬ್‌ಪ್ರೊಸೆಸ್ ಎಕ್ಸಿಟೆಡ್ ವಿತ್ ಎರರ್" ಅಂದ್ರೆ ಪಿಪ್ ಕರೆದ ಇನ್ನೊಂದು ಪ್ರೋಗ್ರಾಮ್ ಸೋತಿತು ಅಂತ. ಅದರ ಜೊತೆಗೆ, ಇದು ಬಹುಶಃ ಪಿಪ್‌ನ ತೊಂದರೆ ಅಲ್ಲ ಅಂತ ಪಿಪ್ ತಾನೇ ಒಂದು ಸಾಲು ಬರೆದಿರುತ್ತೆ. ಅದನ್ನ ನಂಬಿ. ಆ ಹೊತ್ತಲ್ಲಿ ಪಿಪ್ ಅಪ್‌ಗ್ರೇಡ್ ಮಾಡ್ತಾ ಕೂತ್ರೆ ಹೆಚ್ಚಿನ ಸಲ ಪ್ರಯೋಜನ ಆಗಲ್ಲ.

ಔಟ್‌ಪುಟ್ಟನ್ನ ಒಂದು ಫೈಲಿಗೆ ಬರೆಸಿ:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಫಾಸ್ಟ್‌ಟೆಕ್ಸ್ಟ್ --ಲಾಗ್ ಬಿಲ್ಡ್.ಟಿಎಕ್ಸ್‌ಟಿ

ಆ ಫೈಲನ್ನ ನೋಟ್‌ಪ್ಯಾಡಿನಲ್ಲಿ ತೆರೆದು, ಮೇಲಿಂದ ಕೆಳಗೆ "ಎರರ್" ಅಂತ ಹುಡುಕಿ. ಮೊದಲು ಸಿಗೋ ನಿಜವಾದ ಎರರ್ ಸಾಲನ್ನ ಪುಸ್ತಕದಲ್ಲಿ ಬರ್ಕೊಳ್ಳಿ. "ವಾರ್ನಿಂಗ್" ಅಂತ ಇರೋದನ್ನ ಸದ್ಯಕ್ಕೆ ಬಿಟ್ಟುಬಿಡಿ. ಹಳೇ ಕೋಡಿನಲ್ಲಿ ಅವು ರಾಶಿ ಬೀಳುತ್ತವೆ, ಬಿಲ್ಡ್ ನಿಲ್ಲೋದು ಅವುಗಳಿಂದ ಅಲ್ಲ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಅಷ್ಟು ದೂರದ ಲೈನಿರಲಿ, ನಮ್ಮೂರಿನ ಲೈನಿರಲಿ, ಕರೆಂಟು ನಿಂತಾಗ ಹುಡುಕೋ ದಾರಿ ಒಂದೇ: ಹೊರಡೋ ಕಡೆಯಿಂದ ಸುರು ಮಾಡಿ, ಎಲ್ಲೀವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ತುಂಡು ತುಂಡಾಗಿ ನೋಡ್ಕೊಂಡು ಬರೋದು. ಮನೆಯ ಬಲ್ಬು ಬದಲಾಯಿಸ್ತಾ ಕೂತ್ರೆ ಆಗಲ್ಲ. ಎಕ್ಸ್‌ಟೆನ್ಶನ್ ಬಿಲ್ಡ್ ಅನ್ನೋ ಲೈನಿನಲ್ಲೂ ಇಂಥ ನಾಲ್ಕು ತುಂಡು ಇವೆ:

1. ಕಂಪೈಲರ್ ಸಿಗಬೇಕು.
2. ಅದಕ್ಕೆ ಬೇಕಾದ ಹೆಡರ್ ಫೈಲುಗಳು ಸಿಗಬೇಕು.
3. ಲಿಂಕ್ ಮಾಡುವಾಗ ಬೇಕಾದ ಲೈಬ್ರರಿಗಳು ಸಿಗಬೇಕು.
4. ಆದ ಮಾಡ್ಯೂಲು ಇಂಪೋರ್ಟ್ ಆಗುವಾಗ ಅದರ ಜೊತೆಗಾರ ಫೈಲುಗಳು ಸಿಗಬೇಕು.

ನಿಮ್ಮ ಎರರ್ ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಅದಕ್ಕೂ ಮೊದಲು: ಕಂಪೈಲ್ ಮಾಡಲೇಬೇಕಾ?

ಬೆಲ್ಲ ಸಿಗೋ ಕಡೆ ಗಾಣ ಹೂಡೋದು ಬೇಡ. ವೀಲ್ ಸಿಗದೇ ಇರೋಕೆ ಸಾಮಾನ್ಯವಾಗಿ ಮೂರು ಕಾರಣ.

ಮೊದಲನೇದು, ಪೈಥಾನ್ ತೀರಾ ಹೊಸದು. ವರ್ಷಕ್ಕೊಂದು ಹೊಸ ಆವೃತ್ತಿ ಅಕ್ಟೋಬರ್ ಹೊತ್ತಿಗೆ ಬರುತ್ತೆ. ಪ್ಯಾಕೇಜ್ ಮಾಡೋರು ಅದಕ್ಕೆ ವೀಲ್ ಹಾಕೋಕೆ ವಾರಗಳೋ ತಿಂಗಳುಗಳೋ ಹಿಡಿಯುತ್ತೆ. ಸೈಟಿಗೆ ಹೋಗಿ ದೊಡ್ಡ ಹಳದಿ ಬಟನ್ ಒತ್ತಿದವರಿಗೆ ಸಿಗೋದು ಆ ಹೊಸದೇ. ವೀಲ್ ಫೈಲಿನ ಹೆಸರಲ್ಲಿ ಸಿಪಿ311 ಅಂತಿದ್ರೆ ಅದು ಪೈಥಾನ್ 3.11ಕ್ಕೆ ಮಾತ್ರ. ಪ್ರಾಜೆಕ್ಟಿಗೆ ಒಂದೆರಡು ಆವೃತ್ತಿ ಹಿಂದಿನದು ಹಾಕ್ಕೊಂಡ್ರೆ ಅರ್ಧ ತಲೆನೋವು ಕಮ್ಮಿ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್ ಇರಬಹುದು. ವಿಂಡೋಸಿನಲ್ಲಿ "ಪಿವೈ -0" ಕೊಟ್ರೆ ಯಾವ್ಯಾವ್ದು ಇದೆ ಅಂತ ಪಟ್ಟಿ ಬರುತ್ತೆ. ಬೇಕಾದ್ದರಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡ್ಕೊಳ್ಳಿ:

ಪಿವೈ -3.11 -ಎಂ ವೆನ್ವ್ ಪ್ರಾಜೆಕ್ಟ್

ಎರಡನೇದು, 32 ಬಿಟ್ ಪೈಥಾನ್. ಪೈಥಾನ್ ತೆರೆದ ತಕ್ಷಣ ಮೊದಲ ಸಾಲಲ್ಲೇ 64 ಬಿಟ್ಟೋ 32 ಬಿಟ್ಟೋ ಬರೆದಿರುತ್ತೆ. 32 ಇದ್ರೆ ತೆಗೆದು 64 ಹಾಕಿ. ವೀಲ್ ಹೆಸರಲ್ಲಿ "ಎಎಂಡಿ64" ಅಂತ ನೋಡಿ "ನನ್ನದು ಇಂಟೆಲ್ ಅಲ್ವಾ" ಅಂತ ಗಾಬರಿ ಬೀಳೋದು ಬೇಡ. ಈ 64 ಬಿಟ್ ವಿನ್ಯಾಸವನ್ನ ಮೊದಲು ತಂದಿದ್ದು ಎಎಂಡಿ ಕಂಪನಿ, ಅದಕ್ಕೆ ಆ ಹೆಸರು. ಇಂಟೆಲ್ ಲ್ಯಾಪ್‌ಟಾಪಿಗೂ ಅದೇ ವೀಲ್.

ಮೂರನೇದು, ವೀಲನ್ನ ಯಾರೂ ಮಾಡೇ ಇಲ್ಲ. ಇದನ್ನ ಪರೀಕ್ಷೆ ಮಾಡೋಕೆ ಇನ್‌ಸ್ಟಾಲ್ ಕಮಾಂಡಿನ ಕೊನೆಗೆ "--ಓನ್ಲಿ-ಬೈನರಿ :ಆಲ್:" ಅಂತ ಸೇರಿಸಿ. ಕಬ್ಬು ತರಬೇಡ, ಬೆಲ್ಲ ಇದ್ರೆ ಮಾತ್ರ ತಾ ಅಂತ ಇದರ ಅರ್ಥ. "ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಶನ್ ಫೌಂಡ್" ಅಂತ ಬಂದ್ರೆ ಆ ಪ್ಯಾಕೇಜಿಗೋ ಅದಕ್ಕೆ ಬೇಕಾದ ಇನ್ನೊಂದಕ್ಕೋ ನಿಮಗೆ ಹೊಂದೋ ವೀಲ್ ಇಲ್ಲ ಅಂತ ಖಾತ್ರಿ.

ಪಿಪ್ ಬಿಟ್ಟು ಇನ್ನೂ ಎರಡು ಅಂಗಡಿ ಇವೆ. ಉಬುಂಟು, ಡೆಬಿಯನ್ ಇದ್ರೆ ಆಪ್ಟ್‌ನಲ್ಲೇ ಪೈ-ಐಸಿಯು ರೆಡಿಯಾಗಿ ಸಿಗುತ್ತೆ, ಪ್ಯಾಕೇಜಿನ ಹೆಸರು "ಪೈಥಾನ್3-ಐಸಿಯು". ಇನ್ನೊಂದು ಕಾಂಡಾ. ಮಿನಿಕಾಂಡಾವನ್ನ ಅಡ್ಮಿನ್ ಪಾಸ್‌ವರ್ಡ್ ಇಲ್ಲದೇನೂ ನಿಮ್ಮ ಯೂಸರ್ ಫೋಲ್ಡರಿಗೆ ಹಾಕ್ಕೊಳ್ಳಬಹುದು. ಅದರ ಕಾಂಡಾ-ಫೋರ್ಜ್ ಚಾನೆಲ್‌ನಲ್ಲಿ ಸಿಗೋದು ಕಂಪೈಲ್ ಆಗಿರೋ ಸರಕು. ನಿಮ್ಮ ಪ್ಯಾಕೇಜ್ ನಿಮ್ಮ ಓಎಸ್‌ಗೆ ಅಲ್ಲಿದೆಯಾ ಅಂತ ಮೊದಲು ಹುಡುಕಿ.

ತುಂಡು 1: ಕಂಪೈಲರ್ ಇಲ್ಲ

ವಿಂಡೋಸಿನಲ್ಲಿ ಇದರ ಗುರುತು ಸ್ಪಷ್ಟ: "ಮೈಕ್ರೋಸಾಫ್ಟ್ ವಿಶುವಲ್ ಸಿ++ 14.0 ಆರ್ ಗ್ರೇಟರ್ ಈಸ್ ರಿಕ್ವೈರ್ಡ್". ಇದನ್ನ ಓದಿ ಜನ ಮೂರು ಬೇರೆ ಸಾಮಾನು ತಂದು ಹಾಕ್ತಾರೆ.

ವಿಎಸ್ ಕೋಡ್ ಹಾಕ್ತಾರೆ. ಹೆಸರು ಹತ್ತಿರ ಇದ್ರೂ ಅದು ಬರೆಯೋ ಎಡಿಟರ್, ಅದರೊಳಗೆ ಕಂಪೈಲರ್ ಇಲ್ಲ. ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕ್ತಾರೆ. ಅದು ಕಂಪೈಲ್ ಆಗಿರೋ ಪ್ರೋಗ್ರಾಮನ್ನ ಓಡಿಸೋಕೆ ಬೇಕಾದ ಡಿಎಲ್‌ಎಲ್‌ಗಳ ಗಂಟು, ಬೆಲ್ಲ ತಿನ್ನೋಕೆ ಸಾಕು, ಮಾಡೋಕೆ ಸಾಲದು. ಇನ್ನು ಕೆಲವರು "ನನ್ನ ಹತ್ರ ಕೋಡ್‌ಬ್ಲಾಕ್ಸ್ ಇದೆ, ಡೆವ್-ಸಿ++ ಇದೆ" ಅಂತಾರೆ. ಲ್ಯಾಬ್ ಪ್ರೋಗ್ರಾಮಿಗೆ ಅದರ ಜೊತೆ ಬರೋ ಮಿನ್‌ಜಿಡಬ್ಲ್ಯು ಸಾಕಾಗಿರುತ್ತೆ. ಆದ್ರೆ ವಿಂಡೋಸಿನ ಅಧಿಕೃತ ಪೈಥಾನ್ ತಯಾರಾಗಿರೋದು ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿ, ಬಿಲ್ಡ್ ಮಾಡುವಾಗ ಹುಡುಕೋದೂ ಅದನ್ನೇ.

ಬೇಕಾದ್ದು "ಬಿಲ್ಡ್ ಟೂಲ್ಸ್ ಫಾರ್ ವಿಶುವಲ್ ಸ್ಟುಡಿಯೋ". ಪೈಥಾನ್ 3.5ರಿಂದ ಈಚೆಗೆ 2015ರ ವಿಶುವಲ್ ಸ್ಟುಡಿಯೋ ಅಥವಾ ಅದಕ್ಕಿಂತ ಹೊಸದು ಆಗುತ್ತೆ. 2015, 2017, 2019, 2022 ಇಷ್ಟೂ 14ರ ಸಾಲಿನವೇ, ಒಂದಕ್ಕೊಂದು ಹೊಂದುತ್ತವೆ. ಇನ್‌ಸ್ಟಾಲರ್ ತೆರೆದಾಗ "ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ++" ಅನ್ನೋ ಚೌಕಕ್ಕೆ ಟಿಕ್ ಹಾಕಿ. ಬಲಗಡೆ ಪಟ್ಟೀಲಿ ಎರಡು ಇರಲೇಬೇಕು: ಎಂಎಸ್‌ವಿಸಿ ಕಂಪೈಲರ್, ಮತ್ತು ವಿಂಡೋಸ್ ಎಸ್‌ಡಿಕೆ. ಜಾಗ ಉಳಿಸೋಕೆ ಅಂತ ಎಸ್‌ಡಿಕೆ ಟಿಕ್ ತೆಗೆದ್ರೆ ಮುಂದಿನ ಎರರ್ ಕಾದಿರುತ್ತೆ: "ಐಓ ಡಾಟ್ ಎಚ್" ಸಿಗಲಿಲ್ಲ, ಇಲ್ಲಾ "ಆರ್‌ಸಿ ಡಾಟ್ ಇಎಕ್ಸ್‌ಇ" ಓಡಲಿಲ್ಲ ಅಂತ. ಎರಡೂ ಕಡೆ ಕಳೆದಿರೋದು ಎಸ್‌ಡಿಕೆನೇ.

ಹಾಕಿದ ಮೇಲೆ ಮಾಮೂಲಿ ಕಮಾಂಡ್ ಪ್ರಾಂಪ್ಟಿನಲ್ಲಿ "ಸಿಎಲ್" ಅಂತ ಹೊಡೆದು, ಕಮಾಂಡ್ ಗೊತ್ತಿಲ್ಲ ಅಂತ ಬಂದ್ರೆ ಹೆದರಬೇಡಿ. ಅದು ಪಾತ್‌ನಲ್ಲಿ ಇರಲ್ಲ. ಸೆಟಪ್‌ಟೂಲ್ಸ್ ತಾನಾಗೇ ಹುಡುಕಿಕೊಳ್ಳುತ್ತೆ. ನೋಡಲೇಬೇಕು ಅಂದ್ರೆ ಸ್ಟಾರ್ಟ್ ಮೆನುವಿನಲ್ಲಿ "ಎಕ್ಸ್64 ನೇಟಿವ್ ಟೂಲ್ಸ್ ಕಮಾಂಡ್ ಪ್ರಾಂಪ್ಟ್" ತೆರೆದು ಅದರಲ್ಲಿ "ಸಿಎಲ್" ಹೊಡೀರಿ, ಆವೃತ್ತಿ ಸಮೇತ ಉತ್ತರ ಬರುತ್ತೆ.

ಲಿನಕ್ಸಿನಲ್ಲಿ "ಜಿಸಿಸಿ" ಹೆಸರಿನ ಕಮಾಂಡ್ ಮುಂದೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಅಂತ ಇದ್ರೆ ಕಂಪೈಲರೇ ಇಲ್ಲ:

ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್

ಅದೇ "ಜಿಸಿಸಿ ಫೇಲ್ಡ್ ವಿತ್ ಎಕ್ಸಿಟ್ ಕೋಡ್ 1" ಅಂತ ಇದ್ರೆ ಕಂಪೈಲರ್ ಇದೆ, ಓಡಿದೆ, ಮಧ್ಯೆ ಏನೋ ಸಿಗದೇ ನಿಂತಿದೆ. ಇನ್ನೂ ಮೇಲಕ್ಕೆ ಓದಿ. ಮ್ಯಾಕ್‌ನಲ್ಲಿ "ಎಕ್ಸ್‌ಸಿರನ್: ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್" ಅಂತ ಬಂದ್ರೆ "ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್" ಕೊಡಿ, ಸಾಮಾನ್ಯವಾಗಿ ಅಷ್ಟಕ್ಕೇ ಸರಿ ಹೋಗುತ್ತೆ.

ತುಂಡು 2: ಹೆಡರ್ ಇಲ್ಲ

ಗಾಣ ಬಂತು, ಪಾಕವೂ ಆಯ್ತು, ಹುಯ್ಯೋಕೆ ಅಚ್ಚಿಲ್ಲ ಅನ್ನೋ ಥರ ಇದು. ಲಿನಕ್ಸಿನಲ್ಲಿ ಅತಿ ಹೆಚ್ಚು ಬರೋದು "ಫೇಟಲ್ ಎರರ್: ಪೈಥಾನ್ ಡಾಟ್ ಎಚ್: ನೋ ಸಚ್ ಫೈಲ್". ಪೈಥಾನ್ ಒಳಗಿನ ವಸ್ತುಗಳ ಆಕಾರ ಏನು ಅಂತ ಸಿ ಕೋಡಿಗೆ ಹೇಳೋದು ಈ ಹೆಡರ್. ಪೈಥಾನ್ ಓಡಿಸೋಕೆ ಅದು ಬೇಕಿಲ್ಲ, ಅದಕ್ಕೇ ಉಬುಂಟು ಅದನ್ನ ಬೇರೆ ಪ್ಯಾಕೇಜಿನಲ್ಲಿ ಇಟ್ಟಿದೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಡೆವ್

ಇಲ್ಲೊಂದು ಎಚ್ಚರ. ಸಿಸ್ಟಮ್‌ದು 3.12, ನೀವು ಬೇರೆಯಾಗಿ ಹಾಕ್ಕೊಂಡಿರೋದು 3.11 ಅಂತಿದ್ರೆ "ಪೈಥಾನ್3-ಡೆವ್" ತರೋದು 3.12ರ ಹೆಡರ್. ಎರರ್ ಹಾಗೇ ಇರುತ್ತೆ, "ಹಾಕಿದ್ನಲ್ಲಾ" ಅಂತ ತಲೆ ಕೆಡುತ್ತೆ. ನಿಮಗೆ ಬೇಕಾದ್ದು "ಪೈಥಾನ್3.11-ಡೆವ್".

ವಿಂಡೋಸಿನಲ್ಲಿ ಹೆಡರ್ ಸಿಗದ ಎರರ್‌ಗೆ ಸಿ1083 ಅನ್ನೋ ನಂಬರ್ ಇರುತ್ತೆ. ಅಲ್ಲಿ ಪೈಥಾನಿನ ಮಾಮೂಲಿ ಇನ್‌ಸ್ಟಾಲರ್ ಹೆಡರುಗಳನ್ನೂ ತಂದಿರುತ್ತೆ. ಜಿಪ್ ಆಗಿ ಸಿಗೋ ಎಂಬೆಡಬಲ್ ಪೈಥಾನಿನಲ್ಲಿ ಮಾತ್ರ ಅವಿಲ್ಲ. ಅದರ ಮೇಲೆ ಬಿಲ್ಡ್ ಮಾಡೋಕೆ ಹೋಗಬೇಡಿ.

ಇದೇ ಗುಂಪಿಗೆ ಸೇರೋ ಇನ್ನೊಂದು: "ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್". ಎಷ್ಟೋ ವರ್ಷ ಪೈಥಾನ್ ಜೊತೆಗೇ ಬರ್ತಿದ್ದ ಬಿಲ್ಡ್ ಸಾಧನ ಅದು. 2023ರ ಅಕ್ಟೋಬರಿನಲ್ಲಿ ಬಂದ 3.12ರಲ್ಲಿ ಅದನ್ನ ತೆಗೆದುಬಿಟ್ರು. ಹಳೇ ಪ್ಯಾಕೇಜುಗಳಿಗೆ ಸುದ್ದಿ ಮುಟ್ಟಿಲ್ಲ. ಪ್ಯಾಕೇಜಿನ ಹೊಸ ಆವೃತ್ತಿ ಇದ್ರೆ ಅದನ್ನ ಹಾಕಿ, ಇಲ್ಲಾ ಸೆಟಪ್‌ಟೂಲ್ಸ್ ಹಾಕಿ ನೋಡಿ, ಅದೂ ಆಗದಿದ್ರೆ 3.11ಕ್ಕೆ ಇಳೀರಿ.

ತುಂಡು 3: ಲೈಬ್ರರಿ ಇಲ್ಲ

ಪೈ-ಐಸಿಯು ಎಡವೋದು ಇಲ್ಲಿ, ಅದೂ ಕಂಪೈಲ್ ಸುರುವಾಗೋಕೆ ಮುಂಚೆನೇ. ಪಿಕೆಜಿ-ಕಾನ್ಫಿಗ್ ಹಾಕಿ, ಇಲ್ಲಾ ಐಸಿಯು ಆವೃತ್ತಿ ಯಾವ್ದು ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳಿ ಅಂತ ಅದು ಕೇಳುತ್ತೆ. ಆಕಸ್ಮಾತ್ ಆವೃತ್ತಿ ಹೇಳಿದ್ರೂ ಪ್ರಯೋಜನ ಇಲ್ಲ, ಐಸಿಯು ಲೈಬ್ರರಿನೇ ಸಿಸ್ಟಮ್‌ನಲ್ಲಿ ಇರಬೇಕಲ್ಲ. ಉಬುಂಟುವಿನಲ್ಲಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಪಿಕೆಜಿ-ಕಾನ್ಫಿಗ್ ಲಿಬ್‌ಐಸಿಯು-ಡೆವ್

ಆಮೇಲೆ ಪಿಪ್ ಇನ್‌ಸ್ಟಾಲ್ ಕೊಟ್ರೆ ಸಲೀಸಾಗಿ ಆಗುತ್ತೆ. ಸೂತ್ರ ಹೀಗೆ ಇಟ್ಕೊಳ್ಳಿ: "ಲಿಬ್‌ಐಸಿಯು" ಓಡಿಸೋಕೆ, "ಲಿಬ್‌ಐಸಿಯು-ಡೆವ್" ಅದರ ಮೇಲೆ ಇನ್ನೊಂದನ್ನ ಕಟ್ಟೋಕೆ. ಬೇರೆ ಯಾವುದೇ ಪ್ಯಾಕೇಜಿಗೆ "ಕೆನಾಟ್ ಫೈಂಡ್ -ಎಲ್" ಅಂತ ಲಿಂಕರ್ ಎರರ್ ಬಂದ್ರೆ, ಆ "-ಎಲ್" ಪಕ್ಕದ ಹೆಸರಿನ ಲೈಬ್ರರಿಯ ಡೆವ್ ಪ್ಯಾಕೇಜ್ ಹುಡುಕಿ.

ವಿಂಡೋಸಿನಲ್ಲಿ ಪೈ-ಐಸಿಯು ಕಟ್ಟೋದು ಸ್ವಲ್ಪ ಹೈರಾಣದ ಕೆಲಸ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಕ್ರಿಸ್ಟೋಫ್ ಗೋಲ್ಕೆ ಅನ್ನೋರು ಇಂಥ ಕಷ್ಟದ ಪ್ಯಾಕೇಜುಗಳಿಗೆ ವಿಂಡೋಸ್ ವೀಲ್ ಮಾಡಿಡ್ತಿದ್ರು. ಲೋಕದ ಎಷ್ಟೋ ವಿದ್ಯಾರ್ಥಿಗಳು ವರ್ಷಗಟ್ಟಲೆ ಅದನ್ನೇ ನೆಚ್ಕೊಂಡಿದ್ರು. 2022ರಲ್ಲಿ ಅವರ ಲ್ಯಾಬಿನ ಹಣ ನಿಂತು ಆ ಸೇವೆಯೂ ನಿಂತಿತು. ಹಳೇ ಉತ್ತರಗಳಲ್ಲಿ ಅವರ ಪುಟದ ಹೆಸರು ಈಗಲೂ ಕಾಣುತ್ತೆ, ಅಲ್ಲಿಗೆ ಹೋಗಿ ಹೊಸ ಪೈಥಾನಿನ ವೀಲ್ ಹುಡುಕ್ತಾ ಕೂರಬೇಡಿ. ನಿಮ್ಮದೇ ಲ್ಯಾಪ್‌ಟಾಪ್ ಆದ್ರೆ "ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್" ಕೊಟ್ಟು ವಿಂಡೋಸ್ ಒಳಗೇ ಉಬುಂಟು ಹಾಕ್ಕೊಂಡು, ಮೇಲಿನ ಎರಡೇ ಕಮಾಂಡಿನಲ್ಲಿ ಮುಗಿಸೋದು ಸುಲಭ.

ವಿಂಡೋಸಿನ ಲಿಂಕ್ ಎರರುಗಳು ಎಲ್‌ಎನ್‌ಕೆ ಅಂತ ಸುರುವಾಗುತ್ತವೆ. 1104 ಅಂದ್ರೆ ಯಾವುದೋ ಡಾಟ್ ಲಿಬ್ ಫೈಲು ಸಿಗಲಿಲ್ಲ. 1112 ಅಂದ್ರೆ 32 ಬಿಟ್ಟನ್ನೂ 64 ಬಿಟ್ಟನ್ನೂ ಬೆರೆಸಿದ್ದೀರಿ.

ತುಂಡು 4: ಬಿಲ್ಡ್ ಆಯ್ತು, ಇಂಪೋರ್ಟ್ ಆಗಲ್ಲ

"ಡಿಎಲ್‌ಎಲ್ ಲೋಡ್ ಫೇಲ್ಡ್: ದ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್". ಮಾಡ್ಯೂಲ್ ಫೋಲ್ಡರಿನಲ್ಲೇ ಕೂತಿರುತ್ತೆ, ಆದ್ರೂ ಸಿಗಲಿಲ್ಲ ಅನ್ನುತ್ತೆ. ಹೆಚ್ಚಿನ ಸಲ ಸಿಗದೇ ಇರೋದು ಆ ಮಾಡ್ಯೂಲಿಗೆ ಬೇಕಾದ ಇನ್ನೊಂದು ಡಿಎಲ್‌ಎಲ್. ಸಿ++ನಲ್ಲಿ ಬರೆದ ಮಾಡ್ಯೂಲುಗಳಿಗೆ ಎಂಎಸ್‌ವಿಸಿಪಿ140 ಅನ್ನೋದು ಬೇಕು, ಅದು ಪೈಥಾನ್ ಜೊತೆ ಬರಲ್ಲ. ಆಗಲೇ ಬೇಡ ಅಂದಿದ್ದ ರೀಡಿಸ್ಟ್ರಿಬ್ಯೂಟಬಲ್ ಇಲ್ಲಿ ಕೆಲಸಕ್ಕೆ ಬರುತ್ತೆ.

ನಂಪೈ ಜಗಳ ಇನ್ನೊಂದು. 2024ರ ಜೂನ್‌ನಲ್ಲಿ ನಂಪೈ 2.0 ಬಂತು. ಅದಕ್ಕೂ ಹಳೇ ನಂಪೈಗೆ ಕಂಪೈಲ್ ಆದ ಮಾಡ್ಯೂಲುಗಳಿಗೂ ಕೂಡಿಬರಲ್ಲ. ಫಾಸ್ಟ್‌ಟೆಕ್ಸ್ಟ್ 0.9.2 ಸರಿಯಾಗಿ ಬಿಲ್ಡ್ ಆಗಿ, ಇಂಪೋರ್ಟ್ ಆಗಿ, ಪ್ರೆಡಿಕ್ಟ್ ಕರೆದಾಗ ಮಾತ್ರ ಕಾಪಿ ವಿಚಾರವಾಗಿ ವ್ಯಾಲ್ಯೂ ಎರರ್ ಕೊಡೋದೂ ನಂಪೈ 2.0 ದೆಸೆಯಿಂದಲೇ. ಕಂಪೈಲರ್ ಮೇಲೆ ಸಿಟ್ಟು ತೀರಿಸ್ಕೊಳ್ಳೋದು ಬೇಡ. ಆ ಎನ್ವಿರಾನ್‌ಮೆಂಟಿನಲ್ಲಿ ನಂಪೈಯನ್ನ 2ಕ್ಕಿಂತ ಕೆಳಗೆ ಇಟ್ರೆ ಸಾಕು.

ನಾಲ್ಕಕ್ಕೂ ಸೇರದ ಸಣ್ಣಪುಟ್ಟ ಕಾಟಗಳು

ಬಿಲ್ಡ್ ನಡೀತಾ ನಡೀತಾ "ಕಿಲ್ಡ್" ಅಂತ ನಿಂತ್ರೆ ಮೊದಲು ಅನುಮಾನ ಪಡಬೇಕಾದ್ದು ರ‍್ಯಾಮ್ ಮೇಲೆ. 4 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಮುಚ್ಚಿ ಮತ್ತೆ ಮಾಡಿ. ಪ್ರಾಜೆಕ್ಟ್ ಫೋಲ್ಡರ್ ಹೆಸರು ಚಿಕ್ಕದಾಗಿ, ಖಾಲಿ ಜಾಗ ಇಲ್ಲದ ಹಾಗೆ ಇಡಿ. ವಿಂಡೋಸಿನಲ್ಲಿ ಫೈಲಿನ ಪಾತ್‌ಗೆ 260 ಅಕ್ಷರದ ಹಳೇ ಮಿತಿ ಇನ್ನೂ ಕಾಡುತ್ತೆ. ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡೋ ಆಸೆ ನಮಗೂ ಇದೆ, ಆದ್ರೆ ಬಿಲ್ಡ್ ಆಗೋ ಫೋಲ್ಡರಿಗೆ ಮಾತ್ರ ಬೇಡ, ಹಳೇ ಟೂಲುಗಳು ಅಲ್ಲಿ ಎಡವುತ್ತವೆ. ಮತ್ತೆ, ಯಾವಾಗಲೂ ಬರೀ "ಪಿಪ್" ಅನ್ನದೇ "ಪೈಥಾನ್ -ಎಂ ಪಿಪ್" ಅನ್ನಿ. ಒಂದು ಪೈಥಾನಿಗೆ ಹಾಕಿ ಇನ್ನೊಂದರಲ್ಲಿ ಹುಡುಕೋ ಕಾಟ ತಪ್ಪುತ್ತೆ.

ಒಂದು ಆಲೆಮನೆ, ಇಡೀ ಬ್ಯಾಚಿಗೆ ಬೆಲ್ಲ

ಬಿಲ್ಡ್ ಟೂಲ್ಸ್ ಡೌನ್‌ಲೋಡೇ ಜಿಬಿಗಟ್ಟಲೆ. ಮದ್ದೂರಿಂದ ರೈಲಲ್ಲಿ, ಮಳವಳ್ಳಿಯಿಂದ ಬಸ್ಸಲ್ಲಿ ಓಡಾಡ್ಕೊಂಡು ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಕೆಲಸ ಮಾಡೋರಿಗೆ ಅದು ಎರಡು ದಿನದ ಡೇಟಾ. ಲ್ಯಾಬಿನ ಸಿಸ್ಟಮ್‌ಗೆ ಹಾಕೋಣ ಅಂದ್ರೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಆದ್ರೆ ಗಾಣ ಎಲ್ಲರ ಮನೇಲೂ ಇರಬೇಕು ಅಂತೇನಿಲ್ಲ. ತಂಡದಲ್ಲಿ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇದ್ರೆ ಸಾಕು. ಅವರು ಹೀಗೆ ಕೊಡಲಿ:

ಪೈಥಾನ್ -ಎಂ ಪಿಪ್ ವೀಲ್ ಫಾಸ್ಟ್‌ಟೆಕ್ಸ್ಟ್ -ಡಬ್ಲ್ಯು ಬೆಲ್ಲ

"ಬೆಲ್ಲ" ಅನ್ನೋ ಫೋಲ್ಡರಿನಲ್ಲಿ ಆ ಪ್ಯಾಕೇಜಿಗೂ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳಿಗೂ ವೀಲ್ ಫೈಲುಗಳು ಬಂದು ಕೂರುತ್ತವೆ. ಅದನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಉಳಿದವರು ನೆಟ್ ಇಲ್ಲದೇನೇ ಇನ್‌ಸ್ಟಾಲ್ ಮಾಡ್ಕೊಳ್ಳಬಹುದು:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಬೆಲ್ಲ ಫಾಸ್ಟ್‌ಟೆಕ್ಸ್ಟ್

ಷರತ್ತು ಇಷ್ಟೇ: ಎಲ್ಲರದೂ ಒಂದೇ ಓಎಸ್, ಒಂದೇ ಪೈಥಾನ್ ಆವೃತ್ತಿ, ಒಂದೇ ಬಿಟ್. ಲಿನಕ್ಸ್ ಆದ್ರೆ ಡಿಸ್ಟ್ರೋ ಆವೃತ್ತಿಯೂ ಒಂದೇ ಇದ್ರೆ ಒಳ್ಳೇದು. ಪ್ರಾಜೆಕ್ಟ್ ಸುರು ಮಾಡೋ ದಿನವೇ ತಂಡದ ನಾಲ್ಕೂ ಜನ 3.11 ಅಂತಲೋ 3.12 ಅಂತಲೋ ಒಪ್ಪಂದ ಮಾಡ್ಕೊಂಡುಬಿಡಿ.

ಆಯ್ತಾ ಇಲ್ವಾ, ನಮ್ಮೂರ ಹೆಸರಲ್ಲೇ ಪರೀಕ್ಷೆ

ಪೈ-ಐಸಿಯು ಯಾಕೆ ಬೇಕು, ಯಾವಾಗ ಬೇಡ ಅನ್ನೋದಕ್ಕೆ ಒಂದು ಸಣ್ಣ ಪರೀಕ್ಷೆ. ಜಿಲ್ಲೆಯ ಊರುಗಳ ಪಟ್ಟಿ ಮಾಡ್ತಿದ್ದೀರಿ ಅನ್ಕೊಳ್ಳಿ. ಮದ್ದೂರು ತಾಲ್ಲೂಕಿನ ಕೊಪ್ಪ ಎರಡು ಫೈಲಿನಿಂದ ಬಂದಿದೆ. ಕಣ್ಣಿಗೆ ಎರಡೂ ಒಂದೇ. ಪೈಥಾನಿನಲ್ಲಿ ಎರಡು ಸಮ ಚಿಹ್ನೆ ಹಾಕಿ ಕೇಳಿದ್ರೆ "ಫಾಲ್ಸ್" ಅನ್ನುತ್ತೆ. ಯಾಕಂದ್ರೆ ಒತ್ವವನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೀಬಹುದು, ಎತ್ವ ಮತ್ತು ಊತ್ವ ಎರಡೂ ಸೇರಿಸಿಯೂ ಬರೀಬಹುದು. ಐಸಿಯು ಕೊಲೇಟರ್ ಕೈಯಲ್ಲಿ ಹೋಲಿಸಿದ್ರೆ ಸೊನ್ನೆ ಬರುತ್ತೆ, ಅಂದ್ರೆ ಎರಡೂ ಒಂದೇ. ಸೊನ್ನೆ ಬಂತು ಅಂದ್ರೆ ನಿಮ್ಮ ಬಿಲ್ಡ್ ಸರಿಯಾಗಿದೆ.

ಆದ್ರೆ ನಿಮ್ಮ ಪ್ರಾಜೆಕ್ಟಿಗೆ ಬೇಕಿರೋದು ಇಷ್ಟೇ ಆದ್ರೆ, ಪೈಥಾನ್ ಜೊತೆಗೇ ಬರೋ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಸಾಕು, ಕಂಪೈಲರ್ ಹೆಸರೇ ಎತ್ತಬೇಕಿಲ್ಲ. ಹಾಗೇ ಲೆನ್ ಫಂಕ್ಷನ್ನಿಗೆ "ಮಂಡ್ಯ" ಕೊಟ್ರೆ 5, "ಮದ್ದೂರು" ಕೊಟ್ರೆ 7, "ಮಳವಳ್ಳಿ" ಕೊಟ್ರೂ 7 ಬರುತ್ತೆ. ನಾವು ಬಾಯಲ್ಲಿ ಎಣಿಸೋ ಅಕ್ಷರ ಎರಡು, ಮೂರು, ನಾಲ್ಕು. ಅದನ್ನ ಸರಿಯಾಗಿ ಎಣಿಸೋಕೂ ಇಪ್ಪತ್ತು ಸಾಲಿನ ಮಾಮೂಲಿ ಪೈಥಾನ್ ಸಾಕು. ಸಾವಿರಾರು ಹೆಸರನ್ನ ಅಕಾರಾದಿ ಮಾಡ್ಬೇಕು, ಬೇರೆ ಲಿಪಿಗೆ ತಿರುಗಿಸ್ಬೇಕು ಅನ್ನುವಾಗ ಐಸಿಯು ಬೇಕು. ಬೇಕು ಅಂತ ತೀರ್ಮಾನ ಆದ ಮೇಲೆ ಮಾತ್ರ ಗಾಣಕ್ಕೆ ಕೈ ಹಾಕಿ.

ಬರೆದಿಡಿ

ಬಿಲ್ಡ್ ಆದ ದಿನವೇ ಪ್ರಾಜೆಕ್ಟಿನ ರೀಡ್‌ಮಿ ಫೈಲಿನಲ್ಲಿ ಐದು ಸಾಲು ಬರೀರಿ: ಓಎಸ್ ಯಾವ್ದು, ಪೈಥಾನ್ ಎಷ್ಟು, ಎಷ್ಟು ಬಿಟ್, ಬಂದ ಮೊದಲ ಎರರ್ ಏನು, ಯಾವುದು ಹಾಕಿದ ಮೇಲೆ ಸರಿ ಹೋಯ್ತು. "ಪಿಪ್ ಫ್ರೀಜ್" ಔಟ್‌ಪುಟ್ಟನ್ನ ರಿಕ್ವೈರ್‌ಮೆಂಟ್ಸ್ ಫೈಲಿಗೆ ಹಾಕಿ. ಕನ್ನಡದಲ್ಲೇ ಬರೀರಿ, ಪರವಾಗಿಲ್ಲ, ಓದೋರು ನಮ್ಮೋರೇ. ವೈವಾ ದಿನ ಹೊಸ ಸಿಸ್ಟಮ್‌ನಲ್ಲಿ ಓಡಿಸಿ ತೋರಿಸಿ ಅಂದ್ರೆ ಆ ಐದು ಸಾಲೇ ಕೈ ಹಿಡಿಯೋದು. ಮುಂದಿನ ವರ್ಷ ಯಾರಾದರೂ ಜೂನಿಯರ್ ಕನ್ನಡದ ಟೈಟಲ್ ತಗೊಂಡು ಬಂದಾಗ, ಅದನ್ನ ಎರಡನೇ ವಾರಕ್ಕೆ ಬಿಟ್ಟುಹೋಗದ ಹಾಗೆ ನಿಲ್ಲಿಸೋದೂ ಅವೇ ಸಾಲು.